ಹುಲಿಗವಿಗೆ ಹೊರಟ ನಾಲ್ವರು

ಹಾಸನದ ನಾಲ್ವರು ಹುಡುಗರು ಭೂತಾನಕ್ಕೆ ಹೋಗಿಬರುವುದೆಂದು ತೀರ್ಮಾನಿಸಿದಾಗ ಮೊದಲು ಎದ್ದದ್ದು ಬೆಟ್ಟದ ಪ್ರಶ್ನೆಯಲ್ಲ, ದುಡ್ಡಿನದು. ನಾಲ್ವರೂ ಬಿ.ಎಸ್ಸಿ. ಕೊನೆಯ ವರ್ಷದವರು. ಸೆಮಿಸ್ಟರ್ ಪರೀಕ್ಷೆ ಮುಗಿದು ಮಾರ್ಚ್‌ನಲ್ಲಿ ಎರಡು ವಾರ ಬಿಡುವು ಸಿಕ್ಕಿತ್ತು. ಅಪ್ಪಂದಿರ ಜೇಬು ನಾಲ್ವರದೂ ಹೆಚ್ಚುಕಡಿಮೆ ಒಂದೇ ಆಳದ್ದು. ಆದ್ದರಿಂದ ಪ್ರವಾಸದ ಮೊದಲ ಸಭೆ ನಡೆದದ್ದು ನಕಾಶೆಯ ಸುತ್ತ ಅಲ್ಲ, ಒಂದು ಚಿಕ್ಕ ನೋಟುಪುಸ್ತಕದ ಸುತ್ತ.

ಆ ಪುಸ್ತಕ ಖಜಾಂಚಿಯದು. ಮನೆಯಲ್ಲಿ ಇಟ್ಟ ಹೆಸರು ಬೇರೆ. ಆದರೆ ಹಾಸ್ಟೆಲಿನಲ್ಲಿ ಯಾರು ಯಾರಿಗೆ ಎಷ್ಟು ಕೊಡಬೇಕು ಎಂಬುದನ್ನು ಚಹಾದ ಐದು ರೂಪಾಯಿಯವರೆಗೆ ಬಾಯಲ್ಲೇ ಹೇಳಬಲ್ಲವನಿಗೆ ಬೇರೆ ಯಾವ ಹೆಸರು ನಿಂತೀತು? ಹೀಗೆಯೇ ಉಳಿದವರೂ. ವಾಲಿಬಾಲ್ ಆಡುವ ಆರಡಿಯ ಹುಡುಗ ಉದ್ದಣ್ಣ. ಮೂರು ಹೊತ್ತೂ ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡವನು ಸ್ಟುಡಿಯೋ. ನಾಲ್ಕನೆಯವನು ಡಾಕ್ಟ್ರು.

ಡಾಕ್ಟ್ರು ಎಂಬ ಹೆಸರಿನ ಹಿಂದೆ ಸ್ವಲ್ಪ ಕಥೆ ಇದೆ. ಆತ ಉಳಿದವರಿಗಿಂತ ಒಂದು ವರ್ಷ ದೊಡ್ಡವನು. ಪಿ.ಯು.ಸಿ. ಮುಗಿಸಿ ನೀಟ್ ಬರೆದ. ಮನೆಯಲ್ಲೇ ಕೂತು ಓದಿ ಮತ್ತೊಮ್ಮೆ ಬರೆದ. ಮೊದಲ ಸಲ ಸರಕಾರಿ ಸೀಟು ಬಹಳ ದೂರದಲ್ಲಿ ಉಳಿಯಿತು. ಎರಡನೆಯ ಸಲ ಕೈಗೆಟುಕುವಷ್ಟು ಹತ್ತಿರ ಬಂದು ತಪ್ಪಿತು. ದೂರದಲ್ಲಿ ತಪ್ಪಿದ್ದಕ್ಕಿಂತ ಹತ್ತಿರ ಬಂದು ತಪ್ಪಿದ್ದೇ ಹೆಚ್ಚು ಕಾಡುತ್ತದೆ ಎಂಬುದು ಆ ಮನೆಗೆ ಆಗ ತಿಳಿಯಿತು. ಖಾಸಗಿ ಕಾಲೇಜಿನ ಶುಲ್ಕ ಎಷ್ಟೆಂದು ವಿಚಾರಿಸಿ ಬಂದ ಮೇಲೆ, ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದ ಅಪ್ಪ ಆ ವಿಷಯವನ್ನೇ ಎತ್ತಲಿಲ್ಲ. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮಗ ಬಿ.ಎಸ್ಸಿ. ಸೇರಿದ. ಅಲ್ಲಿ ಯಾರೋ ತಮಾಷೆಗೆ ಡಾಕ್ಟ್ರೇ ಎಂದರು, ಅಂಟಿಕೊಂಡಿತು. ಕರೆಯುವವರು ಪ್ರೀತಿಯಿಂದಲೇ ಕರೆಯುತ್ತಿದ್ದರು. ಅವನೂ ನಕ್ಕೇ ಓಗೊಡುತ್ತಿದ್ದ. ಆ ನಗು ಕೆಲವೊಮ್ಮೆ ಅರ್ಧ ಕ್ಷಣ ತಡವಾಗಿ ಬರುತ್ತಿತ್ತು, ಅಷ್ಟೆ.

ಭೂತಾನದ ಮಾತು ಎತ್ತಿದವನು ಅವನೇ. ಏಳನೆಯ ತರಗತಿಯಲ್ಲಿದ್ದಾಗ ಶಾಲೆಯವರು ಬೈಲಕುಪ್ಪೆಗೆ ಕರೆದುಕೊಂಡು ಹೋಗಿದ್ದರು. ಶಾಲಾ ಪ್ರವಾಸಗಳಲ್ಲಿ ಮಕ್ಕಳಿಗೆ ನೆನಪು ಉಳಿಯುವುದು ಬಸ್ಸಿನ ಹಾಡು, ಪುಳಿಯೋಗರೆ ಪೊಟ್ಟಣ ಮತ್ತು ಯಾರು ವಾಂತಿ ಮಾಡಿಕೊಂಡರು ಎಂಬುದು. ಇವನಿಗೆ ಮಾತ್ರ ನಮ್‌ಡ್ರೋಲಿಂಗ್ ಮಠದ ಸ್ವರ್ಣ ಮಂದಿರದಲ್ಲಿ ಬುದ್ಧನ ಪಕ್ಕಕ್ಕೆ ಕೂತಿದ್ದ, ಸಣ್ಣ ಮೀಸೆಯ, ಕಣ್ಣು ಅರಳಿಸಿದ ಇನ್ನೊಂದು ಬಂಗಾರದ ಮೂರ್ತಿ ನೆನಪಿನಲ್ಲಿ ಉಳಿಯಿತು. ಅದು ಯಾರೆಂದು ಕೇಳಿದಾಗ ಕೆಂಪು ಬಟ್ಟೆಯ ಒಬ್ಬ ಹುಡುಗ ಸನ್ಯಾಸಿ ತೊದಲುಗನ್ನಡದಲ್ಲಿ, ಗುರು ಪದ್ಮಸಂಭವ, ಹುಲಿ ಮೇಲೆ ಹಾರಿ ಬಂದ್ರು, ನಮ್ಮ ಊರಿನ ಬೆಟ್ಟಕ್ಕೆ ಎಂದಿದ್ದ. ನಮ್ಮ ಊರು ಎಂದರೆ ಭೂತಾನ. ಪಿರಿಯಾಪಟ್ಟಣದ ಪಕ್ಕದಲ್ಲಿ ನಿಂತು ಭೂತಾನವನ್ನು ನಮ್ಮ ಊರು ಎಂದ ಆ ಹುಡುಗನ ದನಿ, ಆ ಹಾರುವ ಹುಲಿ ಎರಡೂ ಮನಸ್ಸಿನಲ್ಲಿ ಕೂತವು.

ಆ ಬೆಟ್ಟವೇ ತಕ್‌ಸಾಂಗ್. ಪಾರೋ ಕಣಿವೆಯಿಂದ ಸುಮಾರು 900 ಮೀಟರ್ ಮೇಲೆ, ನೆಟ್ಟಗೆ ನಿಂತ ಬಂಡೆಯ ಮೈಗೆ ಅಂಟಿಕೊಂಡಿರುವ ಮಠ. ಸಮುದ್ರ ಮಟ್ಟದಿಂದ 3,120 ಮೀಟರ್.

ಖಜಾಂಚಿ ಲೆಕ್ಕ ಹಾಕಿದ. ಭಾರತೀಯರು ಭೂತಾನದಲ್ಲಿ ಉಳಿಯಲು ಆ ದೇಶಕ್ಕೆ ತಲೆಗೆ, ರಾತ್ರಿಯೊಂದಕ್ಕೆ 1,200 ರೂಪಾಯಿ ಶುಲ್ಕ ಕಟ್ಟಬೇಕು. ನಾಲ್ವರಿಗೆ 4,800. ಹೋಗಿಬಂದವರು ಹೇಳಿದ ಕ್ರಮ ಹೀಗಿತ್ತು: ಮೊದಲು ಥಿಂಫು ನಗರದಲ್ಲಿ ಎರಡು ರಾತ್ರಿ, ಆಮೇಲೆ ಪಾರೋದಲ್ಲಿ ಎರಡು ರಾತ್ರಿ, ಬೆಟ್ಟ ಎಲ್ಲಕ್ಕಿಂತ ಕೊನೆಗೆ. ಖಜಾಂಚಿ ಪೆನ್ಸಿಲ್ ತೆಗೆದು ಒಂದು ರಾತ್ರಿಯನ್ನು ಹೊಡೆದುಹಾಕಿದ. ಗಡಿ ದಾಟಿದ ದಿನವೇ ನೇರ ಪಾರೋ. ಮರುದಿನ ಬೆಳಿಗ್ಗೆ ಬೆಟ್ಟ. ಅದು ಮುಗಿದ ಮೇಲೆ ನಿಶ್ಚಿಂತೆಯಿಂದ ಥಿಂಫು. “ಮುಖ್ಯ ಕೆಲಸ ಮೊದಲು ಮುಗಿಸ್ಬೇಕು ಕಣ್ರೋ” ಎಂದ. ಎಲ್ಲರಿಗೂ ಸರಿ ಎನಿಸಿತು. ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಎತ್ತರಕ್ಕೆ ಆ ಪುಸ್ತಕದಲ್ಲಿ ಕಾಲಂ ಇರಲಿಲ್ಲ.

ಹೊರಡುವ ದಿನ ಹಾಸನದ ರೈಲು ನಿಲ್ದಾಣಕ್ಕೆ ಖಜಾಂಚಿಯ ತಾಯಿ ಚಕ್ಕುಲಿ ಡಬ್ಬಿ ಹಿಡಿದು ಬಂದಿದ್ದರು. ಮಗನಿಗೆ ಹೇಳುವುದನ್ನೆಲ್ಲ ಹೇಳಿ, ಕೊನೆಗೆ ಇತ್ತ ತಿರುಗಿ, “ನೀನಿದ್ದೀಯಲ್ಲ ಡಾಕ್ಟ್ರೇ, ಸ್ವಲ್ಪ ನೋಡ್ಕೊಳಪ್ಪ” ಎಂದರು. ತಾಯಂದಿರು ಹೊರಡುವ ಗಡಿಬಿಡಿಯಲ್ಲಿ ಯಾರಿಗಾದರೂ ಹೇಳುವ ಮಾತು ಅದು. ಡಾಕ್ಟ್ರ ಅಪ್ಪ ಬಂದಿರಲಿಲ್ಲ. ಅಂಗಡಿ ಬಿಟ್ಟು ಬರುವಂತಿರಲಿಲ್ಲ. ಬೆಳಿಗ್ಗೆ ಐದು ಸಾವಿರ ರೂಪಾಯಿಯನ್ನು ಮಡಿಸಿ ಮಗನ ಅಂಗಿಯ ಜೇಬಿಗೆ ತುರುಕಿ, ಹುಷಾರು ಎಂದಷ್ಟೇ ಹೇಳಿದ್ದರು.

ಬೆಂಗಳೂರಿನಿಂದ ಗುವಾಹಟಿಯ ಕಡೆಗೆ ಹೋಗುವ ರೈಲಿನಲ್ಲಿ ಎರಡು ದಿನಕ್ಕೂ ಮೇಲೆ ಕೂತು ನ್ಯೂ ಜಲ್‌ಪಾಯಿಗುರಿ. ಅಲ್ಲಿಂದ ಚಹಾ ತೋಟಗಳ ನಡುವೆ ಜೈಗಾಂವ್. ಜೈಗಾಂವ್ ನಮ್ಮದು, ಒಂದು ದೊಡ್ಡ ಕಮಾನು ದಾಟಿದರೆ ಆಚೆ ಫುಂಟ್‌ಶೋಲಿಂಗ್, ಭೂತಾನ. ಈಚೆ ಹಾರನ್ನಿನ ಗದ್ದಲ, ಆಚೆ ಪಾದಚಾರಿಗೆ ನಿಂತು ದಾರಿ ಬಿಡುವ ಕಾರು. ಅಲ್ಲಿ ಆಧಾರ್ ಕಾರ್ಡು ನಡೆಯುವುದಿಲ್ಲ; ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು. ಖಜಾಂಚಿ ಎಲ್ಲರ ಚೀಟಿಯನ್ನೂ ತಿಂಗಳ ಮೊದಲೇ ನೋಡಿಟ್ಟಿದ್ದರಿಂದ ತೊಂದರೆಯಾಗಲಿಲ್ಲ. ಗಾಡಿಯೊಂದಿಗೆ ಬಂದ ಮಾರ್ಗದರ್ಶಿ ಮೂವತ್ತರ ಆಸುಪಾಸಿನ ಮಿತಭಾಷಿ. ಮೊಣಕಾಲಿನವರೆಗೆ ಬರುವ ನಿಲುವಂಗಿ, ಅಲ್ಲಿನವರು ಘೋ ಎನ್ನುತ್ತಾರೆ, ತೊಟ್ಟಿದ್ದ. ನಾಳೆಯೇ ಬೆಟ್ಟವೇ, ಒಂದು ದಿನ ಬಿಟ್ಟು ಹತ್ತಿದರೆ ಒಳ್ಳೆಯದಿತ್ತು ಎಂದು ಹಿಂದಿಯಲ್ಲಿ ಒಂದು ಸಲ ಹೇಳಿ ನೋಡಿದ. ಮುಳ್ಳಯ್ಯನಗಿರಿ ನಾಲ್ಕು ಸಲ ಹತ್ತಿದ್ದೇವೆ ಎಂದು ಉದ್ದಣ್ಣ ಉತ್ತರ ಕೊಟ್ಟ.

ಮುಳ್ಳಯ್ಯನಗಿರಿ ಕರ್ನಾಟಕದ ಅತ್ಯಂತ ಎತ್ತರದ ಬೆಟ್ಟ; 1,930 ಮೀಟರ್. ಪಾರೋ ಪಟ್ಟಣದ ಬಸ್ ನಿಲ್ದಾಣವೇ ಅದಕ್ಕಿಂತ ಎತ್ತರದಲ್ಲಿದೆ, ಸುಮಾರು 2,250. ಬೆಳಿಗ್ಗೆ 300 ಮೀಟರ್ ಎತ್ತರದಲ್ಲಿ ಇಡ್ಲಿ ಸಿಗದೆ ಪೂರಿ ತಿಂದವರು ಸಂಜೆಗೆ ಅಲ್ಲಿದ್ದರು. ಮೂರು ಸಾವಿರ ಮೀಟರ್ ಮೇಲೆ ಉಸಿರೊಂದರಲ್ಲಿ ಒಳಗೆ ಹೋಗುವ ಆಮ್ಲಜನಕ ಕಡಲತಡಿಯದರ ಶೇ. 70ರಷ್ಟು ಮಾತ್ರ. ದೇಹ ಇದಕ್ಕೆ ಒಗ್ಗಿಕೊಳ್ಳಬಲ್ಲದು, ಆದರೆ ಅದಕ್ಕೆ ಒಂದೆರಡು ದಿನ ಬೇಕು. ಕಾಲಿನಲ್ಲಿ ಬಲವಿದೆ, ವಯಸ್ಸು ಇಪ್ಪತ್ತೊಂದು ಎಂಬ ಕಾರಣಕ್ಕೆ ಅದು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಆ ರಾತ್ರಿ ಖಜಾಂಚಿ ಊಟ ಮಾಡಲಿಲ್ಲ. ದಾರಿಯ ತಿರುವುಗಳಿಂದ ಹೊಟ್ಟೆ ತೊಳಸುತ್ತಿದೆ ಎಂದ. ನಿಜಕ್ಕೆ ತಲೆ ಸಿಡಿಯುತ್ತಿತ್ತು, ನಿದ್ದೆ ಬರಲಿಲ್ಲ. ಹೇಳಿದರೆ ಬೆಳಿಗ್ಗೆ ಹೊರಡುವುದು ನಿಲ್ಲುತ್ತದೆ. ನಿಂತರೆ ಇನ್ನೊಂದು ರಾತ್ರಿ. ಇನ್ನೊಂದು ರಾತ್ರಿ ಎಂದರೆ ನಾಲ್ಕು ಸಾವಿರದ ಎಂಟುನೂರು. ಇದೆಲ್ಲ ಅವನು ಆಮೇಲೆ ಹೇಳಿದ್ದು.

ಬೆಳಿಗ್ಗೆ ಏಳಕ್ಕೆ ಬೆಟ್ಟದ ಬುಡ. ಅಲ್ಲಿಗೇ 2,600 ಮೀಟರ್ ಆಗಿರುತ್ತದೆ. ನೀಲಿ ಪೈನ್ ಮರಗಳ ನಡುವೆ ಮಣ್ಣಿನ ದಾರಿ; ತೊರೆಯ ನೀರಿನಿಂದ ತಾನೇ ತಿರುಗುವ ಪ್ರಾರ್ಥನಾಚಕ್ರದ ಗಂಟೆ ಸುತ್ತಿಗೊಂದು ಸಲ ಟಿಣ್ ಎನ್ನುತ್ತದೆ. ಬಾಡಿಗೆ ಕುದುರೆಗಳು ನಿಂತಿದ್ದವು. ಅರ್ಧ ದಾರಿಯವರೆಗೆ ಹತ್ತಿಸುತ್ತವೆ. ಇಳಿಯುವಾಗ ಯಾರನ್ನೂ ಕೂರಿಸುವುದಿಲ್ಲ, ಜಾರುವ ಭಯ. ಖಜಾಂಚಿ ಕುದುರೆಯ ದರವನ್ನೂ ಕೇಳಲಿಲ್ಲ. ಡಾಕ್ಟ್ರಿಗೆ ಅದು ವಿಚಿತ್ರವೆನಿಸಬೇಕಿತ್ತು. ಬೇಡದ ವಸ್ತುವಿನ ದರವನ್ನೂ ಕೇಳಿಟ್ಟುಕೊಳ್ಳುವ ಹುಡುಗ ಅವನು.

ಉದ್ದಣ್ಣ ಮುಂದೆ ಹೊರಟ. ಮಾರ್ಗದರ್ಶಿ ಎರಡು ಸಲ ನಿಧಾನ ಎಂದ. ಪೈನ್ ಮುಗಿದು ಓಕ್ ಮರಗಳು ಬಂದವು. ಕೊಂಬೆಗಳಿಂದ ಬೂದು ಗಡ್ಡದ ಹಾಗೆ ಕಲ್ಲುಹೂವು ಇಳಿಬಿದ್ದಿತ್ತು. ಅಲ್ಲಲ್ಲಿ ರೋಡೋಡೆಂಡ್ರಾನ್ ಕೆಂಪಗೆ ಅರಳಿತ್ತು. ಮರದಿಂದ ಮರಕ್ಕೆ ಕಟ್ಟಿದ ಐದು ಬಣ್ಣದ ಪತಾಕೆಗಳು: ನೀಲಿ ಆಕಾಶ, ಬಿಳಿ ಗಾಳಿ, ಕೆಂಪು ಬೆಂಕಿ, ಹಸಿರು ನೀರು, ಹಳದಿ ಮಣ್ಣು. ನಮ್ಮ ಪಂಚಭೂತವೇ ಅಲ್ಲವೇ ಎಂದು ಸ್ಟುಡಿಯೋ ಮೂವತ್ತು ಫೋಟೋ ತೆಗೆದ. ಬಂಡೆಯ ಸಂದುಗಳಲ್ಲಿ ಬೆರಳುದ್ದದ ಮಣ್ಣಿನ ಗೋಪುರಗಳನ್ನು ಸಾಲಾಗಿ ಇಟ್ಟಿದ್ದರು. ಸತ್ತವರ ಬೂದಿಯನ್ನು ಮಣ್ಣಿಗೆ ಬೆರೆಸಿ ಮಾಡುತ್ತಾರೆ ಎಂದು ಮಾರ್ಗದರ್ಶಿ ಹೇಳಿದ ಮೇಲೆ ಅದನ್ನು ಮಾತ್ರ ಅವನು ತೆಗೆಯಲಿಲ್ಲ.

ಪ್ರತಿ ತಿರುವಿನಲ್ಲೂ ಉದ್ದಣ್ಣ ಮೇಲಿನಿಂದ, “ಬರ್ರೋ, ಶ್ರವಣಬೆಳಗೊಳದಲ್ಲಿ ಅಜ್ಜಿಯರು ನಿಮಗಿಂತ ಜೋರಾಗಿ ಹತ್ತುತ್ತಾರೆ” ಎಂದು ಕೂಗುತ್ತಿದ್ದ. ಖಜಾಂಚಿ ಹಿಂದೆ ಬೀಳುತ್ತಿದ್ದ. ಡಾಕ್ಟ್ರು ಅವನ ಜೊತೆಗೇ ನಡೆದ, ಆದರೆ ದೊಡ್ಡ ಮನಸ್ಸಿನಿಂದಲ್ಲ. ಇವನಿಂದ ತಡವಾಗುತ್ತಿದೆ ಎಂಬ ಸಿಟ್ಟು ಅವನಿಗೂ ಇತ್ತು. ತಲೆನೋವೇ ಎಂದು ಒಂದು ಸಲ ಕೇಳಿದ. ಸ್ವಲ್ಪ, ಬಿಸಿಲಿಗೆ ಎಂಬ ಉತ್ತರ ಬಂತು. ಎತ್ತರದ ಕಾಯಿಲೆ ಡಾಕ್ಟ್ರಿಗೆ ತಿಳಿಯದ ವಿಷಯವಲ್ಲ. ಅವನು ಓದಿದ ಹನ್ನೆರಡನೆಯ ತರಗತಿಯ ಜೀವಶಾಸ್ತ್ರದ ಪುಸ್ತಕದಲ್ಲಿ ಇತ್ತು. ವಾಕರಿಕೆ, ಆಯಾಸ, ಎದೆಬಡಿತ. ರೋಹ್ತಾಂಗ್ ಕಣಿವೆಯ ಉದಾಹರಣೆ. 3,500 ಮೀಟರ್ ಎಂಬ ಅಂಕಿ. ನಾಲ್ಕು ಅಂಕದ ಪ್ರಶ್ನೆಗಾಗಿ ಎರಡು ವರ್ಷ ಉರು ಹೊಡೆದದ್ದು. ಇವರು ಇದ್ದದ್ದು ಇನ್ನೂ ಮೂರು ಸಾವಿರದ ಒಳಗೆ. ಹಾಗಾಗಿ ಅದಲ್ಲ ಎಂದು ಅವನು ತೀರ್ಮಾನಿಸಿದ. ಪುಸ್ತಕ ಕೊಟ್ಟದ್ದು ಒಂದು ಉದಾಹರಣೆ. ಅವನು ಅದನ್ನು ಗಡಿರೇಖೆ ಮಾಡಿಕೊಂಡಿದ್ದ. 2,500 ಮೀಟರ್ ದಾಟಿದರೆ ಅದು ಯಾರಿಗೂ ಬರಬಹುದು.

ಅರ್ಧ ದಾರಿಯಲ್ಲಿ, ಸುಮಾರು 2,900 ಮೀಟರಿನಲ್ಲಿ, ಒಂದು ಉಪಾಹಾರ ಗೃಹವಿದೆ. ಅಲ್ಲಿ ಕೂತರೆ ಎದುರಿನ ಬಂಡೆಯಲ್ಲಿ ಮಠ ಕಾಣುತ್ತದೆ: ಬಿಳಿಯ ಗೋಡೆ, ಬಂಗಾರದ ಬಣ್ಣದ ಮಾಡು, ಕೆಳಗೆ ಬರೀ ಗಾಳಿ. ಮಾರ್ಗದರ್ಶಿ ಚಹಾ ಕುಡಿಯುತ್ತ ಅಲ್ಲಿಯ ಕಥೆ ಹೇಳಿದ. ಎಂಟನೆಯ ಶತಮಾನದಲ್ಲಿ ಗುರು ಪದ್ಮಸಂಭವ ಹೆಣ್ಣುಹುಲಿಯ ಬೆನ್ನೇರಿ ಬಂದು ಆ ಗವಿಯಲ್ಲಿ ಮೂರು ವರ್ಷ, ಮೂರು ತಿಂಗಳು, ಮೂರು ದಿನ, ಮೂರು ಗಂಟೆ ಧ್ಯಾನಕ್ಕೆ ಕೂತರು ಎಂಬುದು ನಂಬಿಕೆ. ಆ ಹುಲಿ ಬೇರೆ ಯಾರೂ ಅಲ್ಲ, ಅವರ ಶಿಷ್ಯೆ ಯೇಶೆ ತ್ಸೋಗ್ಯಾಲ್ ಎನ್ನುತ್ತಾರೆ. ಗವಿಯ ಸುತ್ತ ಮಠ ಎದ್ದದ್ದು 1692ರಲ್ಲಿ, ಆಗ ದೇಶವಾಳುತ್ತಿದ್ದ ತೆನ್‌ಜಿನ್ ರಬ್ಗ್ಯೆ ಕಟ್ಟಿಸಿದ್ದು. 1998ರ ಏಪ್ರಿಲ್ 19ರಂದು ಅದಕ್ಕೆ ಬೆಂಕಿ ಬಿತ್ತು. ಅಷ್ಟು ಮೇಲಕ್ಕೆ ಬೆಂಕಿ ಆರಿಸುವ ಗಾಡಿ ಹೇಗೆ ಹೋದೀತು? ಇಂದು ಕಾಣುವುದು ಹಳೆಯ ರೂಪದಲ್ಲೇ ಮತ್ತೆ ಕಟ್ಟಿ 2005ರ ಹೊತ್ತಿಗೆ ಮುಗಿಸಿದ ಮಠ. ಇದನ್ನು ಹೇಳುವಾಗ ಮಾರ್ಗದರ್ಶಿ ಮಠದ ಕಡೆಗೆ ನೋಡಲಿಲ್ಲ, ಲೋಟದ ಕಡೆಗೆ ನೋಡುತ್ತಿದ್ದ. ಸುಟ್ಟಾಗ ತನಗೆ ಐದಾರು ವರ್ಷ, ಅಜ್ಜಿ ಅತ್ತದ್ದು ನೆನಪಿದೆ ಎಂದ.

ಚಹಾದ ಹಣ ಖಜಾಂಚಿ ಕೊಟ್ಟ. ಭಾರತದ ನೋಟು ಅಲ್ಲಿ ನಡೆಯುತ್ತದೆ, ನಮ್ಮ ರೂಪಾಯಿಗೂ ಅವರ ನ್ಗುಲ್‌ಟ್ರಮ್‌ಗೂ ಬೆಲೆ ಒಂದೇ. ಬಂದ ಚಿಲ್ಲರೆಯನ್ನು ಎಣಿಸಿದ. ಮತ್ತೆ ಎಣಿಸಿದ. ಆಮೇಲೆ ಅದನ್ನು ಉದ್ದಣ್ಣನ ಮುಂದೆ ಹಿಡಿದು, “ಇದು ಸರಿಯಾಗಿದೆಯೇನೋ?” ಎಂದ. ಉದ್ದಣ್ಣ ನೋಡದೆಯೇ ಸರಿ ಎಂದ.

ಹೊರಗೆ ಹೋಗಿ ಖಜಾಂಚಿ ವಾಂತಿ ಮಾಡಿಕೊಂಡು ಬಂದ ಮೇಲೆ ಅವನು ಮುಂದೆ ಹತ್ತುವುದು ಬೇಡವೆಂದಾಯಿತು. ಇಲ್ಲೇ ಕೂತು ಸುಧಾರಿಸಿಕೊಳ್ಳಲಿ, ಹಾಗೆ ಎಷ್ಟೋ ಜನ ಕೂತಿರುತ್ತಾರೆ, ನಾವು ಮೂರು ಗಂಟೆಯಲ್ಲಿ ಬಂದುಬಿಡುತ್ತೇವೆ ಎಂದ ಮಾರ್ಗದರ್ಶಿ. ಜೊತೆಗೆ ಯಾರು? ಚೀಟಿ ಹಾಕಿದರು. ಉದ್ದಣ್ಣನ ಹೆಸರು ಬಂತು. ಅವನ ಮುಖ ಇಳಿಯಿತು, ಆದರೂ ತಕರಾರು ಮಾಡಲಿಲ್ಲ. ಜಾಕೆಟ್ ಬಿಚ್ಚಿ ಖಜಾಂಚಿಗೆ ಹೊದಿಸಿದ. ತನ್ನ ಹೆಸರು ಬರಲಿಲ್ಲವಲ್ಲ ಎಂದು ಡಾಕ್ಟ್ರಿಗೆ ಆದ ಸಂತೋಷವನ್ನು ಅವನು ಯಾರಿಗೂ ತೋರಿಸಲಿಲ್ಲ.

ಮುಕ್ಕಾಲು ಗಂಟೆ ಹತ್ತಿದ ಮೇಲೆ ದಾರಿ ಒಂದು ಮೂಲೆ ತಿರುಗುತ್ತದೆ. ತಿರುಗಿದೊಡನೆ ಮಠ ಎದುರಿಗೇ ಬಂದು ನಿಲ್ಲುತ್ತದೆ, ಕಣ್ಣಿನ ಮಟ್ಟಕ್ಕೆ, ಕೈ ಚಾಚಿದರೆ ಸಿಗುತ್ತದೆಯೇನೋ ಎನ್ನುವಷ್ಟು ಹತ್ತಿರಕ್ಕೆ. ನಡುವೆ ಮಾತ್ರ ಒಂದು ಆಳವಾದ ಕಂದಕ. ಇಲ್ಲಿಂದ ನೂರಾರು ಮೆಟ್ಟಿಲು ಇಳಿದು, ಜಲಪಾತದ ಕೆಳಗಿನ ಪುಟ್ಟ ಸೇತುವೆ ದಾಟಿ, ಮತ್ತೆ ಹತ್ತಿದರೆ ಬಾಗಿಲು. ಮಠದ ಕಿಟಕಿಯೊಂದರಲ್ಲಿ ಯಾರೋ ಕೆಂಪು ಬಟ್ಟೆ ಒಣಹಾಕಿದ್ದರು. ಬೈಲಕುಪ್ಪೆಯ ಆ ಹುಡುಗ ಹೇಳಿದ ಬೆಟ್ಟ ಇದೇ. ಡಾಕ್ಟ್ರು ಸುಮಾರು ಹೊತ್ತು ನಿಂತ. ಅಲ್ಲಿ ಮುದುಕಿಯೊಬ್ಬಳು ಪತಾಕೆ ಕಟ್ಟಿಸಲು ಕಾಸು ಎಣಿಸುತ್ತಿದ್ದಳು, ಒಂದೊಂದೇ ನೋಟನ್ನು ಬೆರಳಿಗೆ ಎಂಜಲು ಹಚ್ಚಿ.

ಅದನ್ನು ನೋಡುತ್ತಿದ್ದವನಿಗೆ ಆಗ ಹೊಳೆಯಿತು. ಖಜಾಂಚಿ ಚಿಲ್ಲರೆ ಎಣಿಸಿ ಇನ್ನೊಬ್ಬನನ್ನು ಕೇಳಿದ್ದ. ಮೂರು ವರ್ಷದಲ್ಲಿ ಖಜಾಂಚಿ ಲೆಕ್ಕವನ್ನು ಯಾರ ಹತ್ತಿರವೂ ಕೇಳಿದ್ದಿಲ್ಲ.

ಅವನು ಮಾರ್ಗದರ್ಶಿಗೆ ಹೇಳಿದ. ಹೇಳುವಾಗ ತನಗೇ ಅದು ಹಾಸ್ಯಾಸ್ಪದ ಎನಿಸಿತು. ತಲೆನೋವು, ವಾಂತಿ ಎಲ್ಲರಿಗೂ ಆಗುತ್ತದೆ. ಇವನು ಚಿಲ್ಲರೆ ಸರಿಯಾಗಿ ಎಣಿಸಲಿಲ್ಲ ಎಂದರೆ ಯಾರು ಕೇಳಿಯಾರು? ಮಾರ್ಗದರ್ಶಿ ನಗಲಿಲ್ಲ. ನಿನ್ನೆ ರಾತ್ರಿ ಊಟ ಮಾಡಿದ್ದನೇ, ನಿದ್ದೆ ಮಾಡಿದ್ದನೇ ಎಂದು ಕೇಳಿದ. ಆಮೇಲೆ ಅಲ್ಲಿ ಇನ್ನೊಂದು ತಂಡದ ಜೊತೆಗಿದ್ದ ಪರಿಚಯದ ಮಾರ್ಗದರ್ಶಿಗೆ ಸ್ಟುಡಿಯೋನನ್ನು ಒಪ್ಪಿಸಿ, ತಾನು ಕೆಳಗೆ ಹೊರಟ. “ನೀನು ಹೋಗಿ ಬಾ, ನಾನು ನೋಡಿಕೊಳ್ಳುತ್ತೇನೆ” ಎಂದು ಡಾಕ್ಟ್ರಿಗೂ ಹೇಳಿದ. ಹೋಗಬಹುದಿತ್ತು. ಅವನು ಮೆಟ್ಟಿಲಿನ ಕಡೆ ನಾಲ್ಕು ಹೆಜ್ಜೆ ಇಟ್ಟದ್ದೂ ಉಂಟು. ಆಮೇಲೆ ತಿರುಗಿ ಮಾರ್ಗದರ್ಶಿಯ ಹಿಂದೆ ಓಡಿದ.

ಖಜಾಂಚಿ ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದ. ಪಾಪ, ನಿದ್ದೆ ಮಾಡಲಿ ಎಂದು ಉದ್ದಣ್ಣ ಪಕ್ಕದಲ್ಲಿ ಸದ್ದಿಲ್ಲದೆ ಕೂತಿದ್ದ. ಮಾರ್ಗದರ್ಶಿ ಎಬ್ಬಿಸಿ, ನೆಲದ ಹಲಗೆಯ ಗೆರೆಯ ಮೇಲೆ ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ನಡೆಯಲು ಹೇಳಿದ. ಎರಡು ಹೆಜ್ಜೆ ಸರಿಯಾಗಿ ಬಿತ್ತು. ಮೂರನೆಯದಕ್ಕೆ ವಾಲಿದ. ಖಜಾಂಚಿ ನಕ್ಕ. ಬೇರೆ ಯಾರೂ ನಗಲಿಲ್ಲ. ಆ ಕ್ಷಣವೇ ಇಳಿಯಬೇಕು, ಇದಕ್ಕೆ ಇಳಿಯುವುದೇ ಮೊದಲ ಔಷಧಿ ಎಂದ ಮಾರ್ಗದರ್ಶಿ.

ಬೆಳಿಗ್ಗೆ ಓಡಿ ಹತ್ತಿದ ಉದ್ದಣ್ಣ ಈಗ ಗೆಳೆಯನ ಕಂಕುಳಿಗೆ ತೋಳು ಕೊಟ್ಟು ಅಂಗುಲ ಅಂಗುಲವಾಗಿ ಇಳಿದ. ಇನ್ನೊಂದು ಕಡೆ ಮಾರ್ಗದರ್ಶಿ. ಬರಿದಾದ ಜೀನು ಹೊತ್ತ ಕುದುರೆಗಳು ಪಕ್ಕದಲ್ಲೇ ಟಕಟಕ ಇಳಿದುಹೋದವು. ಡಾಕ್ಟ್ರು ಮುಂದೆ ಹಿಮ್ಮುಖವಾಗಿ ನಡೆಯುತ್ತ ಅವನನ್ನು ಮಾತಾಡಿಸುತ್ತಿದ್ದ. ಏನು ಮಾತಾಡಿಸುವುದೆಂದು ತೋಚದೆ, ಹದಿಮೂರರ ಮಗ್ಗಿ ಹೇಳು ಎಂದ. ಹದಿಮೂರು, ಇಪ್ಪತ್ತಾರು, ಮೂವತ್ತೊಂಬತ್ತು, ಐವತ್ತು... ಐವತ್ತರಲ್ಲಿ ಖಜಾಂಚಿ ನಿಂತುಬಿಟ್ಟ. ಪೈನ್ ಮರ ಶುರುವಾಗುವಲ್ಲಿ ಇನ್ನೊಮ್ಮೆ ಕೇಳಿದಾಗ ಎಪ್ಪತ್ತೆಂಟರವರೆಗೆ ಬಂತು. ಪ್ರಾರ್ಥನಾಚಕ್ರದ ಗಂಟೆ ಕೇಳಿಸುವ ಹೊತ್ತಿಗೆ ನೂರ ಮೂವತ್ತಕ್ಕೆ ಮುಟ್ಟಿ, “ಸಾಕು ಬಿಡೋ, ಮೇಷ್ಟ್ರ ತರ” ಎಂದು ರೇಗಿದ. ಉದ್ದಣ್ಣನ ಕಣ್ಣಲ್ಲಿ ನೀರು ಬಂತು. ಬೆವರು ಎಂದು ಒರೆಸಿಕೊಂಡ.

ಪಾರೋದ ಆಸ್ಪತ್ರೆಯಲ್ಲಿ ಬೆರಳಿಗೆ ಕ್ಲಿಪ್ ಹಾಕಿ ನೋಡಿ, ಆಮ್ಲಜನಕ ಕೊಟ್ಟು, ಸಂಜೆಯವರೆಗೆ ಮಲಗಿಸಿಕೊಂಡರು. ಕರ್ತವ್ಯದಲ್ಲಿದ್ದ ಡಾಕ್ಟರಮ್ಮ, ಮೇಲೆಯೇ ಮಲಗಿ ಸುಧಾರಿಸಿಕೊಳ್ಳಲು ಬಿಟ್ಟಿದ್ದರೆ ಕಷ್ಟವಾಗುತ್ತಿತ್ತು, ಇಳಿಸಬೇಕೆಂದು ಯಾರಿಗೆ ತೋಚಿತು ಎಂದು ಕೇಳಿದರು. ಅಭ್ಯಾಸಬಲದಿಂದ ಉದ್ದಣ್ಣ, “ಇವನು, ನಮ್ಮ ಡಾಕ್ಟರ್” ಎಂದುಬಿಟ್ಟ. ಆಕೆ ಮುಖವರಳಿಸಿ, ಹೌದೇ, ಯಾವ ಕಾಲೇಜು ಎಂದರು.

ಕೋಣೆಯಲ್ಲಿ ಒಂದು ಕ್ಷಣ ಆಮ್ಲಜನಕದ ಸದ್ದೊಂದೇ ಇತ್ತು. ಬಿ.ಎಸ್ಸಿ. ಓದುತ್ತಿದ್ದೇನೆ ಮೇಡಂ, ಸೀಟು ಸಿಗಲಿಲ್ಲ ಎಂದ ಅವನು. ಆಕೆ ತಲೆಯಾಡಿಸಿದರು, ಅಯ್ಯೋ ಪಾಪ ಎನ್ನಲಿಲ್ಲ. ರಾತ್ರಿ ಏನೇನು ಗಮನಿಸಬೇಕು, ಎಷ್ಟು ನೀರು ಕೊಡಬೇಕು, ಏನಾದರೆ ತಕ್ಷಣ ಕರೆತರಬೇಕು ಎಂಬುದನ್ನೆಲ್ಲ ಅವನಿಗೇ ಹೇಳಿದರು. ಅವನು ಖಜಾಂಚಿಯ ನೋಟುಪುಸ್ತಕದಲ್ಲಿ ಬರೆದುಕೊಂಡ.

ಆ ರಾತ್ರಿ ಉದ್ದಣ್ಣ ಅವನನ್ನು ಹೆಸರು ಹಿಡಿದು ಕರೆದ. ಯಾರನ್ನು ಕರೆದದ್ದೆಂದು ಅವನಿಗೇ ಮೊದಲು ತಿಳಿಯಲಿಲ್ಲ.

ಸ್ಟುಡಿಯೋ ಬಂದದ್ದು ಸಂಜೆ. ಬಂದವನೇ ಕ್ಯಾಮೆರಾ ಮಂಚದ ಮೇಲೆ ಎಸೆದ. ಮಠದ ಬಾಗಿಲಲ್ಲಿ ಚೀಲ, ಫೋನು, ಕ್ಯಾಮೆರಾ ಎಲ್ಲ ಇಟ್ಟು ಹೋಗಬೇಕು. ಒಳಗಿನ ಒಂದು ಚಿತ್ರವೂ ಇಲ್ಲ. ಹೇಳಲೇಬೇಕಾಯಿತು. ಫೋಟೋ ತೋರಿಸಿ ಮಾತು ಮುಗಿಸುವವನು ಅಂದು ಒಂದು ಗಂಟೆ ಮಾತಾಡಿದ. ಜಲಪಾತದ ತುಂತುರು ಮುಖಕ್ಕೆ ಹೊಡೆದದ್ದು. ಬರಿಗಾಲಿಗೆ ಹಲಗೆಯ ನೆಲ ಮಂಜುಗಡ್ಡೆಯಂತೆ ಕೊರೆದದ್ದು. ಗುರು ಧ್ಯಾನಕ್ಕೆ ಕೂತ ಗವಿಯ ಬಾಗಿಲು ಮುಚ್ಚಿತ್ತು, ಅದನ್ನು ತೆರೆಯುವುದು ವರ್ಷಕ್ಕೊಮ್ಮೆ. ಬೆಣ್ಣೆದೀಪದ ವಾಸನೆ ನಮ್ಮ ತುಪ್ಪದ ದೀಪದ ಹಾಗಲ್ಲ, ಸ್ವಲ್ಪ ಒಗರು. ಸನ್ಯಾಸಿಯೊಬ್ಬರು ಅಂಗೈಗೆ ತೀರ್ಥ ಹಾಕಿದರು. ಕುಡಿದು ಉಳಿದದ್ದನ್ನು ತಲೆಗೆ ಸವ ರಿಕೊಂಡದ್ದು ನೋಡಿ ಅವರಿಗೂ ನಗು. “ಮೂತಿ ಹೇಗಿತ್ತೋ ಗುರುವಿನದು? ಮೀಸೆ ಇತ್ತಾ?” ಎಂದು ಡಾಕ್ಟ್ರು ಕೇಳಿದ. ಇತ್ತು, ಸಣ್ಣದು, ಕಣ್ಣು ಮಾತ್ರ ನಮ್ಮನ್ನೇ ನೋಡುತ್ತಿದ್ದವು ಎಂದ ಸ್ಟುಡಿಯೋ.

ದಿಂಬಿಗೆ ಒರಗಿ ಗಂಜಿ ಕುಡಿಯುತ್ತಿದ್ದ ಖಜಾಂಚಿ ಪುಸ್ತಕ ಕೇಳಿ ತೆಗೆದುಕೊಂಡ. ನಾಳೆ ಒಂದು ದಿನ ಹೆಚ್ಚು ನಿಂತರೆ ಡಾಕ್ಟ್ರು ಹೋಗಿಬರಬಹುದೇ ಎಂದು ಎರಡು ಬಗೆಯಲ್ಲಿ ಲೆಕ್ಕ ಹಾಕಿದ. ದುಡ್ಡು ಹೇಗೋ ಹೊಂದುತ್ತಿತ್ತು, ರೈಲಿನ ದಿನ ಹೊಂದಲಿಲ್ಲ. ಹಾಳೆ ತಿರುಗಿಸಿ ಬೇರೆ ಏನೋ ಬರೆಯತೊಡಗಿದ. ಬೆಳಿಗ್ಗೆ ಉಳಿದವರು ಕದ್ದು ನೋಡಿದರು. ಮತ್ತೊಂದು ಪ್ರವಾಸದ ಲೆಕ್ಕ. ರಾತ್ರಿಗಳು ಐದು. ಪಾರೋ ಕೊನೆಗೆ.

ಊಟವಾದ ಮೇಲೆ ಡಾಕ್ಟ್ರು ಹೋಟೆಲಿನ ಹೊರಗೆ ಬಂದು ಮನೆಗೆ ಫೋನು ಮಾಡಿದ. ಅಂಗಡಿ ಮುಚ್ಚುವ ಹೊತ್ತು. ಹಿಂದೆ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು.

“ಹತ್ತಿದ್ಯಾ ಬೆಟ್ಟಾನ?” ಎಂದರು ಅಪ್ಪ.

“ಇಲ್ಲಪ್ಪ. ಹತ್ತಿರ ಹೋಗಿ ವಾಪಸ್ ಬಂದೆ.”

ಯಂತ್ರದ ಸದ್ದು ನಿಂತಿತು. ಅವನು ನಡೆದದ್ದನ್ನೆಲ್ಲ ಹೇಳಿದ. ಚಿಲ್ಲರೆ ಎಣಿಸಿದ್ದು, ಮಗ್ಗಿ, ಆಸ್ಪತ್ರೆ. ಡಾಕ್ಟರಮ್ಮ ಯಾವ ಕಾಲೇಜು ಎಂದು ಕೇಳಿದ್ದನ್ನೂ ಹೇಳಿದ. ಅದನ್ನು ಯಾಕೆ ಹೇಳಿದೆನೋ ಎಂದು ಆಮೇಲೆ ಅನಿಸಿತು. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ.

“ಅವರಮ್ಮಂಗೆ ನಾನು ಹೋಗಿ ಹೇಳ್ತೀನಿ, ಫೋನಲ್ಲಿ ಬೇಡ, ಗಾಬರಿ ಆಗ್ತಾರೆ” ಎಂದರು ಅಪ್ಪ. ಆಮೇಲೆ ಗಂಟಲು ಸರಿಪಡಿಸಿಕೊಂಡು ಕೇಳಿದರು: “ಆ ಹುಡುಗ ಈಗ ಏನಾದ್ರೂ ತಿಂದ್ನಾ? ನೀನು?”